ದೇವರಾದ ಹಕ್ಕಿ, ಮಡಕೆ ಸೇರಿದ ಹಕ್ಕಿ: ಈಜಿಪ್ಟಿನ ಐಬಿಸ್ ಕಥೆ

1/7

ಮೊದಲನೇ ಸ್ಲೈಡ್‌ನಲ್ಲಿ ಕಾಣ್ತಿರೋದು ಉಪ್ಪಿನಕಾಯಿ ಜಾಡಿ ಅಲ್ಲ. ಅದರೊಳಗೆ ಒಂದು ದೇವರಿದೆ. ಅಂದ್ರೆ, ಎರಡು ಸಾವಿರ ಚಿಲ್ಲರೆ ವರ್ಷಗಳ ಹಿಂದೆ ಅದನ್ನು ಅಲ್ಲಿಟ್ಟವರು ಹಾಗೇ ನಂಬಿದ್ದರು. ಲಿನನ್ ಬಟ್ಟೆ ಸುತ್ತಿ, ರಾಳ ಬಳಿದು, ಮಡಕೆಗಿಳಿಸಿ, ಬಾಯಿ ಮುಚ್ಚಿ, ಮರುಭೂಮಿಯ ಕೆಳಗಿನ ಸುರಂಗದಲ್ಲಿ ಸಾಲಾಗಿ ಪೇರಿಸಿದ ಒಂದು ಹಕ್ಕಿ. ಕೈರೋ ಪಕ್ಕದ ಸಕ್ಕಾರಾದಲ್ಲಿ ಇಂಥ ಸುಮಾರು 17.5 ಲಕ್ಷ ಹಕ್ಕಿಗಳಿವೆ ಅಂತ ಅಂದಾಜು. ನೈಲ್ ದಂಡೆಯಲ್ಲೇ ದಕ್ಷಿಣಕ್ಕೆ ಹೋದರೆ ತುನಾ ಎಲ್-ಗೆಬೆಲ್ ಅನ್ನೋ ಜಾಗ. ಅಲ್ಲಿಯ ಅಂದಾಜು ಸುಮಾರು 40 ಲಕ್ಷ.

ಇಷ್ಟು ಮರ್ಯಾದೆ ಪಡೆದ ಆ ಹಕ್ಕಿಯನ್ನ ಇವತ್ತು ನೋಡಬೇಕು ಅಂತ ನೀವು ಈಜಿಪ್ಟಿಗೆ ಹೋದರೆ, ನೈಲ್ ದಂಡೆಯಲ್ಲಿ ಸಿಗಲ್ಲ. 19ನೇ ಶತಮಾನದ ನಡುಭಾಗದ ಹೊತ್ತಿಗೇ ಅದು ಅಲ್ಲಿಂದ ಮಾಯವಾಯ್ತು. ಈ ಸಲದ ಸರಣಿ ಆ ಹಕ್ಕಿಯದ್ದು. ಏಳು ಪೋಸ್ಟ್. ಸೇವ್ ಮಾಡಿಟ್ಟು ನಿಧಾನಕ್ಕೆ ಓದಿ.

2/7

ಮೊದಲು ಹಕ್ಕಿಯ ಪರಿಚಯ. ಇಂಗ್ಲಿಷಿನವರು ಇದನ್ನ ಸೇಕ್ರೆಡ್ ಐಬಿಸ್ ಅಂತಾರೆ. ವೈಜ್ಞಾನಿಕ ಹೆಸರು ಥ್ರೆಸ್ಕಿಯೋರ್ನಿಸ್ ಈಥಿಯೋಪಿಕಸ್. ಗ್ರೀಕಿನಲ್ಲಿ ಥ್ರೆಸ್ಕಿಯಾ ಅಂದ್ರೆ ಪೂಜೆ, ಆರಾಧನೆ. ಆರ್ನಿಸ್ ಅಂದ್ರೆ ಹಕ್ಕಿ. ಹೆಸರಲ್ಲೇ ಗುಡಿ ಇದೆ.

ಮೈ ಪೂರ್ತಿ ಬಿಳಿ. ತಲೆ, ಕತ್ತು ಮಾತ್ರ ಕಪ್ಪು, ಅದರ ಮೇಲೆ ಒಂದು ಗರಿಯೂ ಇಲ್ಲ, ಬೋಳು ಚರ್ಮ. (ಮರಿಗಳಿಗೆ ತಲೆ ಮೇಲೆ ಪುಕ್ಕ ಇರುತ್ತೆ. ಬೆಳೀತಾ ಬೆಳೀತಾ ಬೋಳಾಗುತ್ತೆ. ಕೆಲವರಿಗೆ ಇದು ಪರಿಚಿತ ಕಥೆ.) ಬೆನ್ನಿನ ಹಿಂಭಾಗದಲ್ಲಿ ಜೂಲಿನ ಹಾಗೆ ಇಳಿಬಿದ್ದ ಕಪ್ಪು ಗರಿಗಳು. ಹಾರುವಾಗ ರೆಕ್ಕೆಯ ಅಂಚಿಗೆ ಕಪ್ಪು ಗೆರೆ ಎಳೆದ ಹಾಗಿರುತ್ತೆ. ಉದ್ದ ಹೆಚ್ಚೂಕಮ್ಮಿ 70 ಸೆಂಟಿಮೀಟರ್.

ಕೊಕ್ಕಿನದ್ದು ಬೇರೆಯೇ ಕಥೆ. ಕುಡುಗೋಲಿನ ಹಾಗೆ ಕೆಳಗೆ ಬಾಗಿದ ಉದ್ದನೆ ಕೊಕ್ಕು. ಇದು ಬರೀ ಇಕ್ಕಳ ಅಲ್ಲ. ಐಬಿಸ್‌ಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಅವುಗಳಲ್ಲಿ ಸ್ಪರ್ಶ ಗ್ರಹಿಸುವ ನರಗಳಿರುತ್ತವೆ. ಕೆಸರೊಳಗೆ ಹುಳುವೋ ಏಡಿಯೋ ಅಲ್ಲಾಡಿದರೆ ಆ ಕಂಪನ ಕೊಕ್ಕಿಗೆ ಗೊತ್ತಾಗುತ್ತೆ. ಕಣ್ಣಿಗೆ ಕಾಣದ್ದನ್ನ ಹುಡುಕಿ ತೆಗೆಯೋ ಹಕ್ಕಿ ಅಂತ ಹೇಳಬಹುದು. ಊಟಕ್ಕೆ ಮಾತ್ರ ಜಾಸ್ತಿ ಮಡಿವಂತಿಕೆ ಇಲ್ಲ: ಮಿಡತೆ, ಎರೆಹುಳು, ಕಪ್ಪೆ, ಬಸವನಹುಳು, ಮೀನು, ಬೇರೆ ಹಕ್ಕಿಗಳ ಮೊಟ್ಟೆ, ಕೊನೆಗೆ ಕಸದ ರಾಶಿ ಸಿಕ್ಕರೆ ಅದೂ ನಡೆಯುತ್ತೆ. ಗೂಡು ಗುಂಪಿನಲ್ಲಿ, ಹೆಚ್ಚಾಗಿ ಮರದ ಮೇಲೆ. ಎರಡೋ ಮೂರೋ ಮೊಟ್ಟೆ. ಕಾವು ಸುಮಾರು 4 ವಾರ.

"ಇದನ್ನ ಎಲ್ಲೋ ನೋಡಿದೀನಲ್ಲ" ಅಂತ ಅನ್ನಿಸ್ತಿದ್ದರೆ, ನಿಮ್ಮ ಅನುಮಾನ ಸರಿ. ರಂಗನತಿಟ್ಟಿನಲ್ಲಿ ಗೂಡು ಕಟ್ಟೋ, ಗದ್ದೆ ಕೆಸರಲ್ಲಿ ತಲೆ ತಗ್ಗಿಸಿ ನಡೆಯೋ ಬಿಳಿ ಕೆಂಬರಲು ಇದರ ಹತ್ತಿರದ ದಾಯಾದಿ. ಎಷ್ಟು ಹತ್ತಿರ ಅಂದ್ರೆ, ಎರಡೂ ಒಂದೇ ಜಾತಿ ಅಂತ ವಾದ ಮಾಡಿದ ಪಕ್ಷಿತಜ್ಞರಿದ್ದರು. ನಮ್ಮದರ ರೆಕ್ಕೆಯಂಚಿಗೆ ಆ ಕಪ್ಪು ಗೆರೆ ಇಲ್ಲ. ಎರಡನೇ ಸ್ಲೈಡ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿದೀನಿ, ನೋಡಿ.

3/7

ಸರಿ, ಕೆಸರು ಕೆದಕೋ ಹಕ್ಕಿ ದೇವರಾಗಿದ್ದು ಹೇಗೆ?

ಈಜಿಪ್ಟಿನಲ್ಲಿ ಬರವಣಿಗೆ, ಲೆಕ್ಕ, ಪಂಚಾಂಗ, ವಿದ್ಯೆ ಎಲ್ಲಕ್ಕೂ ಒಬ್ಬನೇ ದೇವರು. ಅವರ ಬಾಯಲ್ಲಿ ಅವನ ಹೆಸರು ಜೆಹುತಿ. ಗ್ರೀಕರ ಬಾಯಲ್ಲಿ ಥೋತ್. ಮನುಷ್ಯನ ಮೈ, ಐಬಿಸ್ ತಲೆ, ಕೈಯಲ್ಲಿ ಬರೆಯೋ ಕಡ್ಡಿ. ಸತ್ತವರ ಹೃದಯವನ್ನ ತಕ್ಕಡಿಯಲ್ಲಿ ತೂಗುವ ಚಿತ್ರ ನೀವು ಪಠ್ಯಪುಸ್ತಕದಲ್ಲೋ ರೀಲ್ಸ್‌ನಲ್ಲೋ ನೋಡಿರ್ತೀರಿ. ಆ ತಕ್ಕಡಿ ಪಕ್ಕ ನಿಂತು ತೀರ್ಪು ಬರ್ಕೊಳ್ಳೋನು ಇವನೇ. ನಮ್ಮ ಚಿತ್ರಗುಪ್ತನ ಕೆಲಸ ಅಂದ್ಕೊಳ್ಳಿ. ಥುಟ್‌ಮೋಸ್ ಅನ್ನೋ ಫೇರೋಗಳ ಹೆಸರಲ್ಲೂ ಇವನೇ ಇದ್ದಾನೆ, ಅದರರ್ಥ ಥೋತ್‌ನಿಂದ ಹುಟ್ಟಿದವನು.

ಥೋತ್ ಚಂದ್ರನ ದೇವರೂ ಹೌದು. ಬಾಗಿದ ಕೊಕ್ಕು ಬಿದಿಗೆ ಚಂದ್ರನ ಹಾಗೆ ಕಾಣುತ್ತೆ ಅನ್ನೋದು ಹಲವು ವಿದ್ವಾಂಸರ ಊಹೆ. ಗ್ರೀಕ್ ಲೇಖಕ ಪ್ಲುಟಾರ್ಕ್ ಇನ್ನೊಂದು ಕಾರಣ ಕೊಡ್ತಾನೆ: ಮೈಮೇಲೆ ಕಪ್ಪು ಬಿಳುಪು ಸೇರಿರೋ ರೀತಿ ಅರ್ಧಕ್ಕಿಂತ ಹೆಚ್ಚು ತುಂಬಿದ ಚಂದ್ರನನ್ನ ಹೋಲುತ್ತೆ ಅಂತ. ಅವನೇ ಹೇಳೋ ಕಥೆ ಒಂದಿದೆ. ಆಕಾಶದೇವತೆ ಗರ್ಭಿಣಿ. ವರ್ಷದ ಯಾವ ತಿಂಗಳಲ್ಲೂ ಹೆರಬಾರದು ಅಂತ ಸೂರ್ಯನ ಶಾಪ. ಆಗ ವರ್ಷಕ್ಕೆ 360 ದಿನ. ಥೋತ್ ಹೋಗಿ ಚಂದ್ರನ ಜೊತೆ ಪಗಡೆಯಂಥ ಆಟಕ್ಕೆ ಕೂತ. ಚಂದ್ರನ ಬೆಳಕನ್ನ ಚೂರು ಚೂರೇ ಗೆದ್ದು, ಅದರಿಂದ 5 ದಿನ ಮಾಡಿ ವರ್ಷದ ಕೊನೆಗೆ ಜೋಡಿಸಿದ. ಆ ದಿನಗಳು ಯಾವ ತಿಂಗಳಿಗೂ ಸೇರಿಲ್ಲ, ಹಾಗಾಗಿ ಶಾಪ ತಟ್ಟಲ್ಲ. ಒಸೈರಿಸ್, ಐಸಿಸ್ ಎಲ್ಲಾ ಹುಟ್ಟಿದ್ದು ಆ 5 ದಿನಗಳಲ್ಲಿ. 365ರ ಲೆಕ್ಕಕ್ಕೆ ಇದಕ್ಕಿಂತ ಚಂದದ ವಿವರಣೆ ನಾನಂತೂ ಓದಿಲ್ಲ.

ಈಜಿಪ್ಟಿನ ವರ್ಷದ ಮೊದಲ ತಿಂಗಳ ಹೆಸರೂ ಥೋತ್. ಅಲ್ಲಿನ ಕಾಪ್ಟಿಕ್ ಕ್ರೈಸ್ತರ ಪಂಚಾಂಗದಲ್ಲಿ ಇವತ್ತಿಗೂ ಮೊದಲ ತಿಂಗಳು ಥೌತ್. ದೇವರ ಗುಡಿ ಮುಚ್ಚಿ ಶತಮಾನಗಳಾದರೂ ಕ್ಯಾಲೆಂಡರ್‌ನಲ್ಲಿ ಹೆಸರು ಉಳ್ಕೊಂಡಿದೆ.

ಒಂದು ಪಕ್ಕದ ಮಾತು. ನೀರಲ್ಲಿ ಅಲ್ಲಾಡದೆ ನಿಂತ ಹಕ್ಕಿ ನೋಡಿ ನಾವು ಏನಂದ್ವಿ? ಬಕಧ್ಯಾನ. ಕಪಟ ಸನ್ಯಾಸಿ, ಮೀನಿಗಾಗಿ ಕಣ್ಮುಚ್ಚಿದವನು. ಅವರು ತಲೆ ತಗ್ಗಿಸಿ ನಡೆಯೋ ಹಕ್ಕಿ ನೋಡಿ, ಇವನು ಏನೋ ಯೋಚನೆ ಮಾಡ್ತಿದ್ದಾನೆ, ವಿದ್ವಾಂಸ ಇರಬೇಕು ಅಂದ್ರು. ನೀರುಹಕ್ಕಿಗಳ ಮೇಲೆ ಅವರಿಗೆ ಅಷ್ಟು ಒಲವು. ಅವರ ಚಿತ್ರಲಿಪಿಯಲ್ಲಿ "ಬಾ" ಅನ್ನೋ ಆತ್ಮಕ್ಕೆ ಒಂದು ಕೊಕ್ಕರೆ, "ಅಖ್" ಅನ್ನೋ ಹೊಳೆಯುವ ಆತ್ಮಕ್ಕೆ ಇನ್ನೊಂದು ಜಾತಿಯ, ಜುಟ್ಟಿನ ಐಬಿಸ್.

4/7

ಹೊರಗಿಂದ ಬಂದವರಿಗೆ ಇದೆಲ್ಲ ವಿಚಿತ್ರವಾಗಿ ಕಂಡಿತ್ತು. ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್ ಬರೀತಾನೆ: ಈಜಿಪ್ಟಿನಲ್ಲಿ ಬೇರೆ ಪ್ರಾಣಿಯನ್ನ ಅಕಸ್ಮಾತ್ ಕೊಂದರೆ ದಂಡ ಕಟ್ಟಿ ಬಚಾವಾಗಬಹುದು, ಐಬಿಸ್ ಅಥವಾ ಗಿಡುಗ ಸತ್ತರೆ ಮಾತ್ರ, ಬೇಕಂತ ಕೊಂದಿರಲಿ, ಗೊತ್ತಿಲ್ಲದೆ ಕೊಂದಿರಲಿ, ಮರಣದಂಡನೆ. ಕಾರಣವಾಗಿ ಅವನು ಕೇಳಿದ ಕಥೆ ಇನ್ನೂ ಮಜವಾಗಿದೆ. ಪ್ರತಿ ವಸಂತದಲ್ಲಿ ಅರೇಬಿಯಾದಿಂದ ರೆಕ್ಕೆಯ ಹಾವುಗಳು ಹಾರಿ ಬರ್ತವೆ, ಐಬಿಸ್‌ಗಳು ಕಣಿವೆಯ ಬಾಯಲ್ಲಿ ಕಾದು ನಿಂತು ಅವನ್ನ ಕೊಲ್ತವೆ. ಹಾವಿನ ಮೂಳೆ ರಾಶಿ ನೋಡೋಕೆ ಅಂತ ಅವನು ಆ ಜಾಗಕ್ಕೂ ಹೋಗಿ ಬಂದನಂತೆ.

ಪ್ಲುಟಾರ್ಕ್‌ನದ್ದು ಅದಕ್ಕೂ ಮೇಲೆ. ಐಬಿಸ್ ಕೊಳಕು ನೀರು ಕುಡಿಯಲ್ಲ, ಹಾಗಾಗಿ ಪುರೋಹಿತರು ಅದು ಕುಡಿದ ನೀರನ್ನೇ ಶುದ್ಧಿಗೆ ಬಳಸ್ತಾರೆ ಅಂತಾನೆ. (ಈಗಿನ ಐಬಿಸ್‌ಗಳು ಕಸದ ಗುಂಡಿ ಪಕ್ಕ ಕುಡಿಯೋದನ್ನ ಅವನಿಗೆ ತೋರಿಸಬೇಕಿತ್ತು.) ಮನುಷ್ಯರಿಗೆ ಎನಿಮಾ ಕಲಿಸಿದ್ದೂ ಇದೇ ಹಕ್ಕಿಯಂತೆ, ಉದ್ದ ಕೊಕ್ಕಿಂದ ತನ್ನ ಹಿಂಭಾಗ ತಾನೇ ತೊಳ್ಕೊಳ್ಳೋದನ್ನ ನೋಡಿ! ಬಾಲದ ಬುಡದಲ್ಲಿ ಹಕ್ಕಿಗಳಿಗೆ ಎಣ್ಣೆ ಗ್ರಂಥಿ ಇರುತ್ತೆ, ಕೊಕ್ಕಿನಿಂದ ಆ ಎಣ್ಣೆ ತೆಗೆದು ಗರಿಗೆ ಹಚ್ಕೊಳ್ತವೆ. ನೋಡಿದವರು ತಮಗೆ ಬೇಕಾದ ಕಥೆ ಮಾಡ್ಕೊಂಡಿರಬೇಕು.

ಪರೀಕ್ಷೆ ಹತ್ತಿರ ಬಂದಿರೋ ಗೆಳೆಯರಿಗೆ ಪ್ಲೇಟೋ ಹೇಳೋ ಕಥೆ. ಥೋತ್ ತಾನು ಕಂಡುಹಿಡಿದ ಬರವಣಿಗೆಯನ್ನ ರಾಜನ ಮುಂದಿಟ್ಟು, ಇದರಿಂದ ಜನರ ನೆನಪು, ಬುದ್ಧಿ ಎರಡೂ ಹೆಚ್ಚುತ್ತೆ ಅಂತಾನೆ. ರಾಜ ಒಪ್ಪಲ್ಲ. ಬರೆದಿಟ್ಟದ್ದನ್ನ ನಂಬ್ಕೊಂಡು ಜನ ನೆನಪಿಟ್ಕೊಳ್ಳೋದನ್ನೇ ಬಿಡ್ತಾರೆ, ತಿಳಿಯದೇನೇ ತಿಳಿದವರ ಹಾಗೆ ಆಡ್ತಾರೆ ಅಂತಾನೆ. ಫೋನ್, ಎಐ ಬಗ್ಗೆ ನಮ್ಮ ಮನೆಗಳಲ್ಲಿ ಹಿರಿಯರು ಹೇಳೋದನ್ನ ಆ ರಾಜ ಬರವಣಿಗೆ ಬಗ್ಗೆನೇ ಹೇಳಿದ್ದ ಅಂದ್ರೆ ನೋಡಿ.

5/7

ಈಗ ಆ ಮಡಕೆಗಳ ವಿಷಯ. ಇದು ಸ್ವಲ್ಪ ಉದ್ದ, ಯಾಕಂದ್ರೆ ಈ ಸರಣಿ ಬರೆಯೋಕೆ ಕೂತಿದ್ದೇ ಇದಕ್ಕೆ.

1964ರಲ್ಲಿ ವಾಲ್ಟರ್ ಎಮೆರಿ ಅನ್ನೋ ಬ್ರಿಟಿಷ್ ಪುರಾತತ್ವಜ್ಞ ಸಕ್ಕಾರಾದಲ್ಲಿ ಅಗೀತಿದ್ದ. ಅವನಿಗೆ ಬೇಕಿದ್ದದ್ದು ಮೊದಲ ಪಿರಮಿಡ್‌ನ ಶಿಲ್ಪಿ ಅಂತ ಹೆಸರಾದ ಇಮ್ಹೋಟೆಪ್‌ನ ಗೋರಿ. ಸಿಕ್ಕಿದ್ದು ಸುರಂಗಗಳ ಜಾಲ, ಅದರ ತುಂಬಾ ಐಬಿಸ್ ಮಡಕೆಗಳು. 1971ರಲ್ಲಿ ಎಮೆರಿ ತೀರಿಕೊಂಡ. ಇಮ್ಹೋಟೆಪ್ ಇನ್ನೂ ಸಿಕ್ಕಿಲ್ಲ.

ಈ ಹಕ್ಕಿಗಳು ಹರಕೆ. ಕಣ್ಣು ನೋವಿಗೆ ಬೆಳ್ಳಿ ಕಣ್ಣು ಒಪ್ಪಿಸ್ತೀವಲ್ಲ, ಹಾಗೆ. ಯಾತ್ರಿಕ ಬರ್ತಾನೆ, ಕಾಣಿಕೆ ಕೊಡ್ತಾನೆ, ಅವನ ಹೆಸರಲ್ಲಿ ಒಂದು ಹಕ್ಕಿಯನ್ನ ಮಮ್ಮಿ ಮಾಡಿ ಇಡ್ತಾರೆ, ಅದು ಅವನ ಕೋರಿಕೆಯನ್ನ ಥೋತ್‌ಗೆ ಮುಟ್ಟಿಸುತ್ತೆ. ಈ ಪದ್ಧತಿ ಜೋರಾಗಿ ನಡೆದಿದ್ದು ಪಿರಮಿಡ್‌ಗಳ ಕಾಲದಲ್ಲಲ್ಲ, ಅದಾಗಿ ಎರಡು ಸಾವಿರ ವರ್ಷ ಕಳೆದ ಮೇಲೆ, ಕೊನೆಯ ಫೇರೋಗಳ ಮತ್ತು ಗ್ರೀಕ್ ಮೂಲದ ಟಾಲೆಮಿ ರಾಜರ ಕಾಲದಲ್ಲಿ. ಸಕ್ಕಾರಾ ಒಂದರಲ್ಲೇ ವರ್ಷಕ್ಕೆ 10,000ದಷ್ಟು ಹಕ್ಕಿಗಳು ಮಣ್ಣಾಗ್ತಿದ್ದವು ಅನ್ನೋ ಲೆಕ್ಕ ಇದೆ. ಅಕಸ್ಮಾತ್ ಕೊಂದರೂ ಮರಣದಂಡನೆ ಅಂದ ದೇಶದಲ್ಲಿ ಇಷ್ಟೊಂದು ಹಕ್ಕಿ ಎಲ್ಲಿಂದ ಸತ್ತವು? ಎಲ್ಲಾ ವಯಸ್ಸಾಗಿ ಸತ್ತವಾ?

ಇಲ್ಲಿ ಒಬ್ಬ ಗುಮಾಸ್ತ ಬರ್ತಾನೆ. ಹೆಸರು ಹೋರ್. ನೈಲ್ ಮುಖಜಭೂಮಿಯ ಸೆಬೆನ್ನಿಟೋಸ್ ಕಡೆಯವನು, ಕ್ರಿ.ಪೂ. 2ನೇ ಶತಮಾನ, ಸಕ್ಕಾರಾದ ಐಬಿಸ್ ಗುಡಿಯಲ್ಲಿ ಕೆಲಸ. ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಅರ್ಜಿ, ಕನಸು, ದೂರು ಎಲ್ಲದರ ಕರಡು ಬರೆದಿಟ್ಟಿದ್ದ. ಎಮೆರಿಯ ತಂಡಕ್ಕೆ ಅವು ಸಿಕ್ಕವು, 1976ರಲ್ಲಿ ಜಾನ್ ರೇ ಓದಿ ಪ್ರಕಟಿಸಿದ. ಸೆಲೂಸಿಡ್ ರಾಜ ಆಂಟಿಯೋಕಸ್ ಈಜಿಪ್ಟ್ ಬಿಟ್ಟು ಹೋಗ್ತಾನೆ ಅಂತ ತನಗೆ ಕನಸು ಬಿದ್ದದ್ದನ್ನೂ ಹೋರ್ ಬರೆದಿದ್ದಾನೆ. ಕ್ರಿ.ಪೂ. 168ರಲ್ಲಿ ಆಂಟಿಯೋಕಸ್ ನಿಜಕ್ಕೂ ವಾಪಸ್ ಹೋದ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಅವನ ದೂರುಗಳು.

60,000 ಐಬಿಸ್‌ಗಳಿಗೆ ಮೇವು ಕೊಡಬೇಕು ಅಂತ ಅವನ ಬರಹದಲ್ಲಿದೆ. ಆ ಮೇವು ಸರಿಯಾಗಿ ಹಕ್ಕಿಗಳಿಗೆ ಮುಟ್ಟುತ್ತಿಲ್ಲ ಅನ್ನೋ ಸಂಕಟವೂ ಇದೆ. ಮಮ್ಮಿ ಮಾಡೋದ್ರಲ್ಲೂ ಮೋಸ ನಡೀತಿತ್ತು. ಸುಮಾರು ಕ್ರಿ.ಪೂ. 172ರಲ್ಲಿ ವಿಚಾರಣೆ ನಡೆದು, ಒಂದು ಮಡಕೆಗೆ ಒಂದೇ ದೇವರು ಇರಬೇಕು ಅಂತ ನಿಯಮ ಆಯ್ತು. ಅಂಥ ನಿಯಮ ಬೇಕಾಯ್ತು ಅಂದ್ರೆ ಅದಕ್ಕೆ ಮುಂಚೆ ಮಡಕೆಗಳಲ್ಲಿ ಏನೇನಿತ್ತು ಅಂತ ನೀವೇ ಯೋಚನೆ ಮಾಡಿ.

ಯೋಚನೆ ಮಾಡೋದೂ ಬೇಡ, ಸ್ಕ್ಯಾನ್ ಮಾಡಿ ನೋಡಿದ್ದಾರೆ. ಮ್ಯಾಂಚೆಸ್ಟರ್‌ನ ಸಂಶೋಧಕರು 800ಕ್ಕೂ ಹೆಚ್ಚು ಪ್ರಾಣಿ ಮಮ್ಮಿಗಳನ್ನ (ಬೆಕ್ಕು, ಗಿಡುಗ, ಐಬಿಸ್, ಮೊಸಳೆ ಎಲ್ಲಾ ಸೇರಿ) ಎಕ್ಸ್-ರೇ, ಸಿಟಿ ಸ್ಕ್ಯಾನ್‌ಗೆ ಹಾಕಿದರು. ಸುಮಾರು ಮೂರನೇ ಒಂದು ಭಾಗದಲ್ಲಿ ಪೂರ್ತಿ ಪ್ರಾಣಿ ಇತ್ತು. ಮೂರನೇ ಒಂದು ಭಾಗದಲ್ಲಿ ಒಂದಿಷ್ಟು ಮೂಳೆಯೋ ತುಂಡೋ. ಉಳಿದವುಗಳಲ್ಲಿ ಪ್ರಾಣಿಯೇ ಇಲ್ಲ: ಜೊಂಡು, ಮಣ್ಣು, ಗರಿ, ಮೊಟ್ಟೆ ಚಿಪ್ಪು.

ಇದನ್ನೆಲ್ಲ ಮೋಸ ಅಂತ ಒಂದೇ ಮಾತಲ್ಲಿ ಮುಗಿಸೋಕೆ ನಾನು ತಯಾರಿಲ್ಲ. ಪವಿತ್ರ ಹಕ್ಕಿಯ ಒಂದು ಗರಿ, ಅದು ಕೂತಿದ್ದ ಗೂಡಿನ ಜೊಂಡು, ಇವೂ ಪವಿತ್ರವೇ ಅಂತ ಅವರು ನಂಬಿದ್ದಿರಬಹುದು ಅನ್ನೋ ವಾದ ಸಂಶೋಧಕರಲ್ಲೇ ಇದೆ. ಇನ್ನೊಂದು ಕಡೆ, ಅದೇ ಕೈಗಳು ತೋರಿಸಿದ ಕಾಳಜಿಯೂ ಸಿಕ್ಕಿದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕರುಳು ತೆಗೆದು ಸ್ವಚ್ಛ ಮಾಡಿದ ಐಬಿಸ್ ಒಂದರ ಹೊಟ್ಟೆಯೊಳಗೆ ಬಸವನಹುಳು ತುಂಬಿದ ಅದರ ಜಠರವನ್ನ ವಾಪಸ್ ಇಟ್ಟಿದ್ದು ಕಂಡುಬಂತು. ದಾರಿಯಲ್ಲಿ ಹಸಿವಾಗಬಾರದು ಅಂತ. ಬುತ್ತಿ ಕಟ್ಟಿ ಕಳಿಸಿದ್ದಾರೆ! ಹೋರ್ ಒಬ್ಬನೇ ಪ್ರಾಮಾಣಿಕ, ಉಳಿದವರೆಲ್ಲ ಕಳ್ಳರು ಅಂತ ಹೇಳೋಕೆ ಆಗಲ್ಲ.

ಇನ್ನು, ಅಷ್ಟು ಹಕ್ಕಿ ಎಲ್ಲಿಂದ ಬಂತು ಅನ್ನೋದು. ಕೋಳಿ ಫಾರಂ ತರಹ ಸಾಕ್ತಿದ್ದರು ಅಂತ ಬಹಳ ಜನ ನಂಬಿದ್ದರು, ಯಾಕಂದ್ರೆ ಮಮ್ಮಿಗಳ ನಡುವೆ ಮೊಟ್ಟೆ, ಮರಿ ಕೂಡ ಸಿಕ್ಕಿವೆ. 2019ರಲ್ಲಿ ಸ್ಯಾಲಿ ವಾಸೆಫ್ ಮತ್ತು ಸಂಗಡಿಗರು 14 ಮಮ್ಮಿಗಳಿಂದ ಪೂರ್ತಿ ಮೈಟೊಕಾಂಡ್ರಿಯಾ ಡಿಎನ್‌ಎ ತೆಗೆದು, ಆಫ್ರಿಕಾದ ಈಗಿನ 26 ಐಬಿಸ್‌ಗಳ ಜೊತೆ ಹೋಲಿಸಿದರು. ತಲೆಮಾರುಗಟ್ಟಲೆ ಒಂದೇ ದೊಡ್ಡಿಯಲ್ಲಿ ಸಾಕಿದ್ದರೆ ಡಿಎನ್‌ಎ ಎಲ್ಲಾ ಒಂದೇ ತರಹ ಆಗ್ತಾ ಬರಬೇಕು. ಹಾಗಾಗಿರಲಿಲ್ಲ. ಕಾಡು ಹಕ್ಕಿಗಳಷ್ಟೇ ವೈವಿಧ್ಯ. ಅಂದ್ರೆ ಜೌಗಿಗೆ ತಾವಾಗೇ ಬರ್ತಿದ್ದ ಹಕ್ಕಿಗಳಿಗೆ ಮೇವು ಹಾಕಿ ಹತ್ತಿರ ಮಾಡ್ಕೊಂಡು, ಸ್ವಲ್ಪ ಕಾಲ ಇಟ್ಕೊಂಡು, ಆಮೇಲೆ ಬಳಸಿರಬೇಕು. ಹೋರ್‌ನ 60,000 ಹಕ್ಕಿಗಳ ಮೇವನ್ನ ಈಗ ಇನ್ನೊಂದು ಸಲ ನೆನಪಿಸ್ಕೊಳ್ಳಿ. ದಿನಾ ಕಾಳು ಹಾಕೋ ಕೈ ಮೇಲೆ ಹಕ್ಕಿಗೆ ಅನುಮಾನ ಬರಲ್ಲ.

6/7

ಮಡಕೆ ಸೇರಿದ ಹಕ್ಕಿ ಅಲ್ಲಿಗೇ ಸುಮ್ಮನಾಗಲಿಲ್ಲ. ಎರಡು ಸಾವಿರ ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಒಂದು ಜಗಳ ಹಚ್ಚಿತು. ಡಾರ್ವಿನ್ ಹುಟ್ಟೋಕೂ ಮುಂಚಿನ ಮಾತು.

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಸೈನ್ಯದ ಜೊತೆ ವಿಜ್ಞಾನಿಗಳನ್ನೂ ಕರ್ಕೊಂಡು ಹೋದ. ವಾಪಸ್ ಬಂದ ಸಾಮಾನಿನಲ್ಲಿ ಪ್ರಾಣಿ ಮಮ್ಮಿಗಳಿದ್ದವು. ಆಗ ಯುರೋಪಿಗೆ "ಐಬಿಸ್" ಅಂದ್ರೆ ಯಾವ ಹಕ್ಕಿ ಅನ್ನೋದೇ ಗೊಂದಲ. ಹಳದಿ ಕೊಕ್ಕಿನ ಒಂದು ಕೊಕ್ಕರೆಯನ್ನ ಐಬಿಸ್ ಅಂದ್ಕೊಂಡಿದ್ದರು. ಅದರ ವೈಜ್ಞಾನಿಕ ಹೆಸರಲ್ಲಿ ಇವತ್ತಿಗೂ "ಐಬಿಸ್" ಇದೆ. ಜಾರ್ಜ್ ಕ್ಯೂವಿಯೇ ಮಮ್ಮಿ ಬಿಚ್ಚಿದ, ಮೂಳೆ ಮೂಳೆ ಅಳೆದ, 1800ರಲ್ಲಿ ಒಮ್ಮೆ, 1804ರಲ್ಲಿ ವಿಸ್ತಾರವಾಗಿ ಇನ್ನೊಮ್ಮೆ ಬರೆದ: ಇದು ಆ ಕೊಕ್ಕರೆ ಅಲ್ಲ. ಇಥಿಯೋಪಿಯಾ ಸುತ್ತಿ ಬಂದ ಜೇಮ್ಸ್ ಬ್ರೂಸ್ ಅನ್ನೋ ಸ್ಕಾಟ್ ಪ್ರವಾಸಿ "ಅಬು ಹನ್ನೆಸ್" ಅಂತ ವರ್ಣಿಸಿದ ಹಕ್ಕಿ ಇದೇ.

ಅಲ್ಲಿಗೆ ನಿಂತಿದ್ದರೆ ಹೆಸರಿನ ಪಂಚಾಯ್ತಿ ಅಷ್ಟೇ. ಆದರೆ ಕ್ಯೂವಿಯೇ ಮುಂದೆ ಹೋದ. ಹಳೇ ಮೂಳೆ, ಹೊಸ ಮೂಳೆ ಎರಡೂ ಒಂದೇ. ಸಾವಿರಾರು ವರ್ಷದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಹಾಗಾದರೆ ಜೀವಿಗಳು ನಿಧಾನಕ್ಕೆ ಬದಲಾಗ್ತವೆ ಅಂತ ಹೇಳ್ತಿರೋ ಲಾಮಾರ್ಕ್ ಮಾತಿಗೆ ಆಧಾರ ಎಲ್ಲಿದೆ?

ಲಾಮಾರ್ಕ್ ಕೂಡ ಅದೇ ಮಮ್ಮಿಗಳನ್ನ ನೋಡಿದ್ದ. ಅವು ಈಗಿನ ಹಕ್ಕಿಗಳ ಹಾಗೇ ಇವೆ ಅಂತ ಒಪ್ಪಿದ್ದ ಕೂಡ. ಅವನ ಉತ್ತರ ಇಷ್ಟು: ಈಜಿಪ್ಟಿನ ಹವೆ, ನೀರು, ನೆಲ ಆ ಕಾಲದಿಂದ ಬದಲಾಗಿಲ್ಲ, ಹಕ್ಕಿ ಯಾಕೆ ಬದಲಾಗಬೇಕು? ಮೇಲಾಗಿ ಎರಡು ಮೂರು ಸಾವಿರ ವರ್ಷ ಭೂಮಿಯ ವಯಸ್ಸಿನಲ್ಲಿ ಏನೂ ಅಲ್ಲ. ಕ್ಯೂವಿಯೇ ಬಿಡಲಿಲ್ಲ. ದೊಡ್ಡ ಕಾಲದಲ್ಲಿ ಏನಾಗುತ್ತೆ ಅಂತ ತಿಳಿಯೋಕೆ ಚಿಕ್ಕ ಕಾಲದಲ್ಲಿ ಆದದ್ದನ್ನ ಗುಣಿಸೋದೊಂದೇ ದಾರಿ ಅಂದ. ಸೊನ್ನೆಯನ್ನ ಎಷ್ಟರಿಂದ ಗುಣಿಸಿದರೂ ಸೊನ್ನೆ ತಾನೇ?

ಇಲ್ಲಿ ಒಂದು ನಿಮಿಷ ನಿಲ್ಲಿ. ಅವತ್ತು ನೀವು ಆ ಸಭೆಯಲ್ಲಿ ಕೂತಿದ್ದರೆ ಯಾರ ಪರ ಕೈ ಎತ್ತುತ್ತಿದ್ದಿರಿ? ಕ್ಯೂವಿಯೇ ಹತ್ತಿರ ಅಳತೆ ಇತ್ತು, ಮೂಳೆ ಇತ್ತು, ಹೆಸರಿತ್ತು. ಲಾಮಾರ್ಕ್ ಹತ್ತಿರ "ಕಾಲ ಸಾಕಾಗಲಿಲ್ಲ" ಅನ್ನೋ ಮಾತು ಮಾತ್ರ. ಅವತ್ತಿಗೆ ಗೆದ್ದಿದ್ದು ಕ್ಯೂವಿಯೇ. ಅಳತೆ ಸರಿಯಾಗಿತ್ತು, ಸೋತಿದ್ದು ಅವನ ಗುಣಾಕಾರ. ಜಾತಿಗಳು ಬದಲಾಗಲ್ಲ ಅನ್ನೋರ ಕೈಗೆ ಐಬಿಸ್ ಮಮ್ಮಿ ಒಂದು ಒಳ್ಳೆ ಅಸ್ತ್ರವಾಯ್ತು. ಡಾರ್ವಿನ್‌ನ ಪುಸ್ತಕ ಬರೋಕೆ 1859ರ ತನಕ ಕಾಯಬೇಕಾಯ್ತು.

7/7

ಆ ಜಗಳ ನಡೀತಿದ್ದ ಹೊತ್ತಿಗೇ ಈಜಿಪ್ಟಿನಲ್ಲಿ ಜೀವಂತ ಹಕ್ಕಿ ಕಮ್ಮಿಯಾಗ್ತಿತ್ತು. ಜೌಗು ನೆಲ ಬತ್ತಿಸಿ ಹೊಲ ಮಾಡೋದು ಬಹಳ ಹಿಂದೆಯೇ ಶುರುವಾಗಿತ್ತು. ಜೊಂಡು ಹೋಯ್ತು, ಕೆಸರು ಹೋಯ್ತು, ಕೊಕ್ಕು ಹಾಕೋಕೆ ಜಾಗ ಹೋಯ್ತು. ಗಮನಿಸಿ, ಲಕ್ಷಗಟ್ಟಲೆ ಮಡಕೆಗೆ ಹಾಕಿದ ಮೇಲೂ ಆ ಹಕ್ಕಿ ಈಜಿಪ್ಟಿನಲ್ಲಿ ಉಳ್ಕೊಂಡೇ ಇತ್ತು. ನೀರಿನ ಜಾಗ ಹೋದ ಮೇಲೆ ಉಳಿಯಲಿಲ್ಲ.

ಬೇರೆ ಕಡೆ ಆರಾಮಾಗಿದೆ. ಸಹಾರಾ ಕೆಳಗಿನ ಆಫ್ರಿಕಾದಲ್ಲಿ ಸಾಮಾನ್ಯ ಹಕ್ಕಿ, ಇರಾಕಿನ ಆಗ್ನೇಯದ ಜೌಗುಗಳಲ್ಲೂ ಒಂದಿಷ್ಟಿವೆ. ಫ್ರಾನ್ಸಿನಲ್ಲಿ 20ನೇ ಶತಮಾನದ ಕೊನೆಯ ಭಾಗದಲ್ಲಿ ಪಾರ್ಕ್‌ಗಳಲ್ಲಿ ಚಂದಕ್ಕೆ ಅಂತ ತಂದು ಬಿಟ್ಟವು ಹಾರಿ ಹೋಗಿ, ಅಟ್ಲಾಂಟಿಕ್ ಕರಾವಳಿಯಲ್ಲಿ ಸಾವಿರಗಟ್ಟಲೆ ಹೆಚ್ಚಿದವು. ಕಸದ ರಾಶಿಯಲ್ಲಿ ತಿಂದು, ರೀವ ಹಕ್ಕಿಗಳ ಮೊಟ್ಟೆ ಕದ್ದು ಕುಖ್ಯಾತವಾದವು. ಸರ್ಕಾರದವರೇ ಗುಂಡು ಹೊಡೆದು ಸಂಖ್ಯೆ ಇಳಿಸಿದರು. 2016ರಲ್ಲಿ ಯುರೋಪಿಯನ್ ಯೂನಿಯನ್ ಹಾನಿಕಾರಕ ಹೊರಗಿನ ಜೀವಿಗಳ ತನ್ನ ಮೊದಲ ಪಟ್ಟಿ ಹೊರಡಿಸಿತು. ಸಾಕೋ ಹಾಗಿಲ್ಲ, ಮಾರೋ ಹಾಗಿಲ್ಲ, ಹೊರಗೆ ಬಿಡೋ ಹಾಗಿಲ್ಲ. ಆ ಪಟ್ಟಿಯಲ್ಲಿ ಬರವಣಿಗೆಯ ದೇವರ ಹೆಸರೂ ಇದೆ, ಥ್ರೆಸ್ಕಿಯೋರ್ನಿಸ್ ಈಥಿಯೋಪಿಕಸ್ ಅಂತ.

ಕೊನೆಯ ಸ್ಲೈಡ್‌ನಲ್ಲಿರೋದು ನಮ್ಮ ಬಿಳಿ ಕೆಂಬರಲು. ನಿಮ್ಮೂರ ಕೆರೆ ಅಂಗಳದಲ್ಲಿ, ಗದ್ದೆಯಲ್ಲಿ ಇದನ್ನ ನೋಡಿದ್ದರೆ ಊರ ಹೆಸರು ಕಾಮೆಂಟ್‌ನಲ್ಲಿ ಹಾಕಿ. ನಿಮ್ಮ ಕಡೆ ಇದಕ್ಕೆ ಬೇರೆ ಹೆಸರಿದ್ದರೆ ಅದನ್ನ ತಪ್ಪದೆ ಬರೀರಿ.

#ಹಕ್ಕಿಇತಿಹಾಸ #ಐಬಿಸ್ #ಈಜಿಪ್ಟ್ #ಕನ್ನಡದಲ್ಲಿಇತಿಹಾಸ